ಬಾಯ್ಲರಿನ ಮೇಲೆ ಒಡೆದ ಕಾಯಿ

ಸಭೆಯ ಅಧ್ಯಕ್ಷರಾದ ಕಾಶಿರಾಮ ಅವರೇ, ಇಂದಿನ ಸನ್ಮಾನಿತರೂ ಒಂದು ಕಾಲಕ್ಕೆ ನನ್ನ ವೈರಿಯೂ ಆಗಿದ್ದ ಸಂಘರತ್ನ ಸರ್ ಅವರೇ, ನನ್ನ ಮಾತು ಕೇಳಲಿಕ್ಕಲ್ಲ, ಉಗಿಯ ಸೀಟಿ ಕೇಳಲಿಕ್ಕೆಂದು ಹುಮನಾಬಾದ್‌ನಿಂದ ಬಸವಕಲ್ಯಾಣದವರೆಗೆ ಬಂದಿರುವ ಪ್ರೀತಿಯ ಸಭಿಕರೇ,

ನಮ್ಮದು ಮಾದರಿ ಉಗಿಯಂತ್ರಗಳ ಹವ್ಯಾಸಿ ಸಂಘ. ತಂಬಿಗೆಯಷ್ಟು ದೊಡ್ಡ ಬಾಯ್ಲರಿನಲ್ಲಿ ನೀರು ಕಾಯಿಸಿ, ಪುಟ್ಟ ಚಕ್ರ ತಿರುಗಿಸಿ, ಸೀಟಿ ಊದಿಸಿ ಸಂತೋಷಪಡುವ ಇಪ್ಪತ್ತೆರಡು ಮಂದಿ ನಾವು. ಮನೆಯವರು ಈ ಹವ್ಯಾಸಕ್ಕೆ ಬೇರೆ ಹೆಸರಿಟ್ಟಿದ್ದಾರೆ. ಅದು ವೇದಿಕೆಯಲ್ಲಿ ಹೇಳುವಂಥದ್ದಲ್ಲ.

ಸಂಘರತ್ನ ಸರ್ ಹದಿನಾಲ್ಕು ವರ್ಷ ನಮ್ಮ ಪರೀಕ್ಷಕರಾಗಿದ್ದರು. ಅವರ ಸಹಿಯ ಸರ್ಟಿಫಿಕೇಟ್ ಇಲ್ಲದೆ ಯಾವ ಬಾಯ್ಲರಿಗೂ ಬೆಂಕಿಯಿಲ್ಲ. ಅವಧಿ ಮುಗಿದರೆ ಮತ್ತೆ ಪರೀಕ್ಷೆ. ಪೆಟ್ಟು ಬಿದ್ದರೂ ಮತ್ತೆ ಪರೀಕ್ಷೆ. ಪರೀಕ್ಷೆಯೆಂದರೇನು? ಬಾಯ್ಲರಿನ ತುಂಬ ತಣ್ಣೀರು, ಯಂತ್ರ ಓಡಿಸುವಾಗಿನ ಎರಡರಷ್ಟು ಒತ್ತಡ ಕೈಪಂಪಿನಿಂದ, ಆಮೇಲೆ ಕಾಯುವ ಕೆಲಸ. ಅರ್ಧ ಗಂಟೆ ಅವರು ಒತ್ತಡಮಾಪಕದ ಮುಳ್ಳು ನೋಡುತ್ತಾರೆ, ನಾವು ಅವರ ಮುಖ ನೋಡುತ್ತೇವೆ. ಕನ್ಯೆ ನೋಡಲು ಹೋದಾಗಲೂ ನಾನು ಇಷ್ಟು ಬೆವರಿರಲಿಲ್ಲ. ನನ್ನ ಹೆಂಡತಿ ವಿಜಯಶ್ರೀ ಮುಂದಿನ ಸಾಲಿನಲ್ಲೇ ಇದ್ದಾಳೆ, ಬೇಕಾದರೆ ಕೇಳಿ.

ಹುಮನಾಬಾದ್‌ನಲ್ಲಿ ನಮ್ಮದು ಮೂರು ತಲೆಮಾರಿನ ತಾಮ್ರದ ಪಾತ್ರೆಯ ಅಂಗಡಿ. ತಾಮ್ರದ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳುವುದೇ ಎಂಬ ಸೊಕ್ಕಿತ್ತು. ಮೂರು ವರ್ಷದ ಹಿಂದೆ, ಎಂಟು ತಿಂಗಳು ಕೂತು ನನ್ನ ಮೊದಲ ಬಾಯ್ಲರ್ ಮಾಡಿದೆ. ಪಾಸೂ ಆಯಿತು. ವಾರ್ಷಿಕೋತ್ಸವದ ದಿನ ಇದೇ ಸಭಾಂಗಣಕ್ಕೆ ಹುಲಸೂರಿನಿಂದ ನಮ್ಮ ಬೀಗರು ಬಂದಿದ್ದರು. ಹತ್ತಿರದಿಂದಲೇ ನೋಡಬೇಕೆಂದು ಮೊಮ್ಮಗಳು ಪೂನಂ ಹಟ ಹಿಡಿದಳು. ಬಾಯ್ಲರ್ ಇಟ್ಟಿದ್ದ ಮೇಜಿನ ಬಲಕ್ಕೆ, ಒಂದು ಮೊಳ ದೂರದಲ್ಲಿ, ಸ್ಟೂಲ್ ಹಾಕಿ ನಾನೇ ಅವಳನ್ನು ಕೂರಿಸಿದೆ.

ಹೊಸ ಯಂತ್ರಕ್ಕೆ ಪೂಜೆ ಬೇಡವೇ? ಕುಂಕುಮ ಹಚ್ಚಿದೆ, ಊದುಬತ್ತಿ ಬೆಳಗಿದೆ. ಕಾಯಿ ಒಡೆಯಲು ಕಲ್ಲು ಕಾಣಲಿಲ್ಲ. ಬಾಯ್ಲರಿಗೆ ಕಬ್ಬಿಣದ ಕಾಲುಗಳಿದ್ದವಲ್ಲ! ಅದಕ್ಕೇ ಬಡಿದೆ, ಒಂದೇ ಏಟಿಗೆ ಕಾಯಿ ಎರಡು ಹೋಳಾಯಿತು. ಚಪ್ಪಾಳೆ ಬಿತ್ತು.

ಸರ್ ಎದ್ದು ಬಂದರು. “ಮತ್ತ ನೀರಿನ ಪರೀಕ್ಷಾ ಆಗಬೇಕ್ರಿ ಶಂಕರಲಿಂಗ.”

“ಯಾಕ್ರಿ ಸರ್? ದೇವರಿಗಿ ಕಾಯಿ ಒಡದೀನಿ.”

“ದೇವರಿಗೇ ಒಡದೀರಿ. ಪೆಟ್ಟು ಬಾಯ್ಲರಿಗಿ ಬಿದ್ದದ.”

ಬೀಗರ ಮುಂದೆ ಮೈಯೆಲ್ಲ ಉರಿದುಹೋಯಿತು. ಪರೀಕ್ಷಕರನ್ನು ಬದಲಿಸಬೇಕೆಂದು ಅಲ್ಲೇ ಒಂದು ಅರ್ಜಿ ಬರೆದೆ. ಏಳು ಮಂದಿ ಸಹಿ ಹಾಕಿದರು. ಹೆಸರು ಹೇಳುವುದಿಲ್ಲ. ಅಧ್ಯಕ್ಷರೇ, ತಾವ್ಯಾಕೆ ನೀರು ಕುಡಿಯುತ್ತಿದ್ದೀರಿ?

ಸರ್ ಅರ್ಜಿಯನ್ನು ಪೂರ್ತಿ ಓದಿದರು, ಮಡಚಿ ಜೇಬಿಗಿಟ್ಟರು. “ಇದು ಆಮ್ಯಾಲ ನೋಡೋಣ್ರಿ. ಮೊದಲ ನೀರು ತುಂಬ್ರಿ” ಎಂದರು. ಪೂನಂಳನ್ನು ಎತ್ತಿ ವಿಜಯಶ್ರೀಯ ತೊಡೆಯ ಮೇಲೆ ಕೂರಿಸಿದರು.

ಪಂಪ್ ಹೊಡೆದೆವು. ಮುಳ್ಳು ಇನ್ನೂ ಅರ್ಧ ದಾರಿಯಲ್ಲಿತ್ತು, ಬಲಗಡೆಯ ಬೆಸುಗೆ ಬಿರಿಯಿತು. ನೀರು ಚಿಮ್ಮಿ ನೇರ ಆ ಖಾಲಿ ಸ್ಟೂಲಿನ ಮೇಲೆ ಬಿತ್ತು.

“ಮುತ್ಯಾ, ನನ್ನ ಸ್ಟೂಲ್ ತೊಯ್ತು!” ಎಂದು ಪೂನಂ ಕೂಗಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅದು ತಣ್ಣೀರು, ಸಭಿಕರೇ. ಕುದಿಯುವ ನೀರಾಗಿದ್ದರೆ? ಉಗಿಯಾಗಿದ್ದರೆ? ಮನೆಗೆ ಹೋಗಿ ಬಚ್ಚಲಲ್ಲಿ ನಿಂತು ಅತ್ತೆ. ನೆಗಡಿಯಾಗಿದೆ ಎಂದು ವಿಜಯಶ್ರೀಗೆ ಹೇಳಿದ್ದೆ. ಈಗ ಅವಳಿಗೂ ಗೊತ್ತಾಯಿತು.

ಮರುವಾರವೇ ಸರ್ ಬಳಿ ಪರೀಕ್ಷೆಯ ಕೆಲಸ ಕಲಿಯಲು ಹೋದೆ. ಇಂದು ಅವರು ನಿವೃತ್ತರು, ಇಂದಿನಿಂದ ಪರೀಕ್ಷಕ ನಾನು. ಆಮಂತ್ರಣ ಪತ್ರಿಕೆಯ ಪ್ರಕಾರ ಸರ್ ಈಗ ತಾವೇ ಮಾಡಿದ ಈ ಬಾಯ್ಲರಿಗೆ ಬೆಂಕಿ ಹಚ್ಚಿ ಸೀಟಿ ಊದಿಸಬೇಕು. ವೇದಿಕೆ ಹತ್ತುವಾಗ ಇದರ ಸರ್ಟಿಫಿಕೇಟ್ ನೋಡಿದೆ. ಅವಧಿ ಕಳೆದ ಸೋಮವಾರವೇ ಮುಗಿದಿದೆ.

ಸರ್, ತಾವು ಮರೆತಿರೋ, ನನ್ನನ್ನೇ ಪರೀಕ್ಷಿಸಲು ಬಿಟ್ಟಿರೋ? ನೋಡಿ, ನಗುತ್ತಾರೆ, ಹೇಳುವುದಿಲ್ಲ. ಏನೇ ಇರಲಿ, ಇವತ್ತು ಸೀಟಿಯಿಲ್ಲ. ನಾಳೆ ಬೆಳಿಗ್ಗೆ ತಣ್ಣೀರು ತುಂಬೋಣ. ಸಿಟ್ಟು ಬಂದವರು ನನ್ನ ಮೇಲೆ ಅರ್ಜಿ ಬರೆಯಬಹುದು. ನಮೂನೆ ಸರ್ ಹತ್ತಿರವಿದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ತಮಗೆಲ್ಲ ನಾನು ಋಣಿ. ಕೊನೆಗೊಂದು ಮಾತು. ಪೂನಂ, ಒಮ್ಮೆ ಎದ್ದು ನಿಲ್ಲವ್ವಾ. ಎಲ್ಲರೂ ಅವಳ ಮುಖ ನೋಡಿ. ನೋಡಿ, ಆಮೇಲೆ ಸರ್‌ಗೆ ಚಪ್ಪಾಳೆ ತಟ್ಟಿ.

ನಮಸ್ಕಾರ.