ಸಿಪ್ಪೆಗೆ ತಾಗಿದ ಥಂಡಿ

ರಾಯಚೂರು ಬಸ್ ನಿಲ್ದಾಣದಲ್ಲಿ ಮಾನ್ವಿ ಬಸ್ಸಿಗೆ ಕಾಯುತ್ತಿದ್ದ ಅನ್ನಪೂರ್ಣಳ ಪಕ್ಕದಲ್ಲಿ ಒಬ್ಬ ರೈತ ಚೀಲ ಇಳಿಸಿ ಕೂತ. ಜೊತೆಗಿದ್ದ ಅವನ ಅಕ್ಕ ಚೀಲದಿಂದ ಒಂದು ಮೋಸಂಬಿ ತೆಗೆದು ತಿರುಗಿಸಿ ನೋಡಿದಳು. ಸಿಪ್ಪೆಯ ತುಂಬ ಕಂದು ಕುಳಿಗಳಿದ್ದವು.

“ಸಿಡುಬು ಎದ್ದಂಗ ಆಗ್ಯಾವಲ್ಲೋ ಮಾರೆಪ್ಪ. ರೋಗ ಬಂದಿತ್ತೇನು?”

“ರೋಗ ಅಲ್ಲ ಯಕ್ಕಾ, ಥಂಡಿ ಹೊಡದದ. ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಖೋಲ್ಯಾಗ ಇಟ್ಟಿದ್ದೆ. ಅಷ್ಟು ಥಂಡಿ ಇದರ ಸಿಪ್ಪಿ ತಡಿಯಂಗಿಲ್ಲಂತ.”

“ಮೊದಲ ಯಾರೂ ಹೇಳಲಿಲ್ಲೇನು?”

“ತೋಟಗಾರಿಕಿ ಸಾಹೇಬ್ರು ಇವತ್ತ ಹೇಳಿದ್ರು. ಮೇಣ ಸವರಿ, ಥಂಡಿ ಕಮ್ಮಿ ಇರೋ ಬ್ಯಾರೆ ಖೋಲ್ಯಾಗ ಇಡಬೇಕಿತ್ತಂತ.”

ಅನ್ನಪೂರ್ಣ ಬಸ್ಸುಗಳ ಕಡೆ ಮುಖ ಮಾಡಿ ಕೂತಳು. ಕಿವಿ ಮಾತ್ರ ಇಲ್ಲೇ ಇತ್ತು. ಅಕ್ಕ ಹಣ್ಣು ಸುಲಿದು ಒಂದು ತೊಳೆ ಬಾಯಿಗಿಟ್ಟಳು.

“ಒಳಗ ಸಕ್ಕರಿ ಹಂಗ ಅದಲ್ಲೋ!”

“ಒಳಗ ಯಾರು ನೋಡ್ತಾರ? ವ್ಯಾಪಾರಿ ಕೈ ಸೈತ ಹಚ್ಚಲಿಲ್ಲ.”

“ಮುಂದಿನ ಸಲ ಸಾಹೇಬ್ರು ಹೇಳಿದಂಗ ಮಾಡು.”

ಮಾರೆಪ್ಪ ಚೀಲದ ಬಾಯಿ ಬಿಗಿದು ಕಟ್ಟಿದ.

“ಮುಂದಿನ ಸಲ ಎಲ್ಲಿ ಅದ? ಈ ಸಲ ಹಣ್ಣು ಮಾರಿ ತೋರ್ಸು, ಇಲ್ಲಾಂದ್ರ ಗಿಡ ಕಿತ್ತು ಹತ್ತಿ ಹಾಕ್ತೀನಿ ಅಂದಿದ್ದ ದೊಡ್ಡಣ್ಣ. ಮಾರಲಿಲ್ಲಂತ ಫೋನ್ ಮಾಡಿ ಹೇಳಿದೆ. ಜೆಸಿಬಿ ಹೊಲಕ್ಕ ಬಂದದಂತ.”

“ಅವ್ವ ಕೊಡ ಹೊತ್ತು ನೀರು ಹಾಕಿದ ಗಿಡ ಅವು. ಆಕಿಗೆ ಗೊತ್ತೇನು?”

“ಗಿಡದ ಬುಡಕ್ಕ ಕುಂತಾಳಂತ, ಏಳವಲ್ಲಳಂತ. ಎಬ್ಬಿಸಾಕ ನನ್ನ ಕರದಾರ.”

ಅವರ ಊರಿಗೆ ಹೋಗುವ ಅರಕೇರಾ ಬಸ್ಸು ಬಂತು. ಮಾರೆಪ್ಪ ಕೂತೇ ಇದ್ದ. ಅಕ್ಕ ಚೀಲ ಹೆಗಲಿಗೇರಿಸಿ, ಅವನ ರಟ್ಟೆ ಹಿಡಿದು ಎಬ್ಬಿಸಿ, ಬಸ್ಸಿನ ಕಡೆ ನಡೆಸಿಕೊಂಡು ಹೋದಳು.