ಮಾತು ಕೊಡುವವ

ಇಲ್ಲ ಕಣೆ ನೇತ್ರಾ, ನೀರು ಬ್ಯಾಡ, ಚಾ ಬ್ಯಾಡ... ಆತು, ಕೂಡ್ತೀನಿ. ಇಲ್ಲೇ, ಹೊಸ್ತಿಲ ಮ್ಯಾಲೆ. ನೀ ಸೀರೆಗೆ ಫಾಲ್ ಹಚ್ಚೋದು ನಿಲ್ಲಿಸಬ್ಯಾಡ, ನಾನು ಮಾತಾಡ್ತೀನಿ.

ನಗ್ತೀಯಾ? ನಗು. ನಾಕು ವರ್ಷ ಆದ ಮ್ಯಾಲೆ ಕಟ್ಟಿಕೊಂಡ ಗಂಡ ಆವರಗೆರೆ ತನಕ ಹುಡುಕ್ಕೊಂಡು ಬಂದಾನೆ ಅಂದ್ರೆ ಯಾರಿಗಾದ್ರೂ ನಗು ಬರುತ್ತೆ. ಕಾಲು ಒಂದು ಕಡೆ ನಿಲ್ಲಲ್ಲ ನನ್ನವು... ಗದಗ, ಬಾಗಲಕೋಟೆ, ಸಿರ್ಸಿ, ಎಷ್ಟು ನಾಟಕ ಕಂಪನಿ ತಿರುಗಿ ಮತ್ತೆ ನಮ್ಮ ಅದೇ ಹಳೇ ಕಂಪನಿಗೇ ಬಂದು ಬಿದ್ದೀನಿ.

ವಿಷಯ ಇಷ್ಟೇ. ಭಾನುವಾರ ಹರಿಹರದಾಗ ನಮ್ಮ ದಳವಾಯಿ ನಾಟಕ. ಹಂಪವ್ವಗೆ ಗಂಟಲು ಕಟ್ಟೈತೆ. ದಳವಾಯಿ ಹೆಂಡ್ತಿ ಪಾತ್ರಕ್ಕೆ ಜನ ಇಲ್ಲ. ಅದು ನಿನ್ನ ಪಾತ್ರ! ನೇತ್ರಾವತಿ ಬರ್ತಾಳೆ ಅಂತ ಮಾಲೀಕರಿಗೆ ಹೇಳೇ ಬಂದೀನಿ... ಹಂಗ ನೋಡಬ್ಯಾಡ. ಬರೇ ನಾಟಕಕ್ಕೆ ಅಲ್ಲ, ನೀ ಬಂದ್ರೆ ಆಮ್ಯಾಲೂ... ಇರು, ಮೊದ್ಲು ನಾಟಕದ್ದು ಮಾತಾಡ್ತೀನಿ.

ಮೊದಲನೇ ಅಂಕದಾಗ ದಳವಾಯಿ ಹೆಂಗದಾನೆ ಹೇಳು? ಪುಕ್ಕಲ! ಅಣ್ಣನ ಹಾಲಿಗೆ ವಿಷ ಹಾಕೋ ಹೊತ್ತಿಗೆ ಕೈಯಾಗಿನ ಬಟ್ಟಲು ಗಡಗಡ ಅಂತೈತೆ. ಹೆಂಡ್ತಿ ಆ ಕೈ ಹಿಡ್ಕೊಂಡು ಹಾಕಿಸ್ತಾಳೆ. ಹುಲಿ ಅವಳು, ಹುಲಿ! ಗದ್ದಿಗೆ ಸಿಕ್ತು. ಆಮ್ಯಾಲೆ ಅವನಿಗೆ ಅವಳ ಕೈ ಬ್ಯಾಡ. ಒಬ್ಬನೇ ಹೋಗಿ ಅಡ್ಡ ಬಂದವರನ್ನ ಕೊಲ್ಲಿಸ್ತಾನೆ, ಬಂದು ಉಣ್ತಾನೆ, ಅವಳಿಗೆ ಒಂದು ಮಾತೂ ಹೇಳಂಗಿಲ್ಲ. ಅವಳು... ಸತ್ತ ಭಾವನಿಗೆ ದಿನಾ ತಟ್ಟೆ ಇಟ್ಟು ಕಾಯ್ತಾಳೆ. ಅವನ ನಡುಕ ಇವಳಿಗೆ ಬಂತು, ಇವಳ ಕಲ್ಲೆದೆ ಅವನಿಗೆ ಹೋತು. ಒಂದೇ ಮನೆಯಾಗ ಅದಲು ಬದಲು! ಕೊಂದ ದಿನ ಜೋಡಿ ಇದ್ರು ನೋಡು ಇಬ್ಬರೂ. ಅವನು ಬಾಯಿ ಮುಚ್ಚಿಕೊಂಡನಲ್ಲ, ಅವತ್ತು ಮುರೀತು.

ಏನು, ಇದೆಲ್ಲ ನಂಗೆ ಯಾರು ಹೇಳಿಕೊಟ್ರು ಅಂತೀಯಾ? ನೀನೇ ಅಲ್ವೇನು! ನಾಕನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಗಿಡ್ಡಪ್ಪಗೆ ಆ ನಾಟಕದ ಪುಸ್ತಕದಾಗೇ ಅಕ್ಷರ ಕೂಡಿಸಿ ಓದಿಸಿದಾಕಿ ನೀನು. ‘ನೀ ಪರದೆ ಪಕ್ಕದ ವಿಂಗಿನಾಗ ಕುಂತು ಪುಸ್ತಕ ನೋಡಿ ಮಾತು ಕೊಡು, ನಾ ಮರೆತ್ರೂ ನೀ ಇರ್ತೀಯಲ್ಲ’ ಅಂದಿದ್ದೆ. ಅಂಜುತ್ತಿದ್ದೆ ನಾನು. ನೀನೇ ಕೈ ಹಿಡಿದು ಕೂಡಿಸಿದೆ.

ಆಮ್ಯಾಲೆ ನಂಗೆ ಹೆಸರೇ ಉಳೀಲಿಲ್ಲ ಬಿಡು. ‘ನೇತ್ರಾವತಿ ಗಂಡ.’ ದಳವಾಯಿ ಪಾತ್ರದ ನಬೀ ಸಾಬ್ ಸೈತ ‘ಬರ್ರಿ ನೇತ್ರಾವತಿ ಗಂಡ, ಚಾ ಕುಡೀರಿ’ ಅನ್ನೋನು. ತಮಾಷೆಗೆ. ನಾನೂ ನಗ್ತಿದ್ದೆ.

ಹೂಂ, ಗೊತ್ತು, ಆ ಹರಿಹರದ ಮಧ್ಯಾಹ್ನದ ಆಟ. ಆ ಸುದ್ದಿ ನೀ ಎತ್ತಲಿಲ್ಲ, ನಾನೇ ಎತ್ತಿದೆ. ನೀ ತಟ್ಟೆ ಇಟ್ಟು ನಿಂತೆ, ಮಾತು ಮರೆತೆ. ನನ್ನ ಕಡಿಗೆ ನೋಡಿದೆ. ವಿಂಗಿನ ಬಲ್ಬು ಸುಟ್ಟಿತ್ತಲ್ಲ ಮಾರಾಯ್ತಿ! ಪುಸ್ತಕ ಕಾಣಲಿಲ್ಲ. ಕಂಡಿದ್ರೆ ಕೊಡ್ತಿರಲಿಲ್ವಾ? ಜನ ಸಿಳ್ಳೆ ಹೊಡೆದ್ರು, ಕೂಗಿದ್ರು... ನೀ ಬಣ್ಣ ಒರೆಸಿಕೊಂಡು ಹೋದಾಕಿ ಮತ್ತೆ ಬಣ್ಣ ಮುಟ್ಟಲಿಲ್ಲ. ಮನೆಗೂ ಬರಲಿಲ್ಲ.

ಈ ಸಲ ಹಂಗಾಗಲ್ಲ. ಕೇಳು, ಅದೇ ಮಾತು: ‘ನಾಥಾ, ಅಂದು ನಿಮ್ಮ ನಡುಗುವ ಕೈಯನ್ನು ಹಿಡಿದವಳು ನಾನು. ಇಂದು ನನ್ನ ಕೈ ನಡುಗುತ್ತಿದೆ. ಹಿಡಿಯುವವರು ಯಾರು?’ ಹೆಂಗೈತೆ? ಒಂದಕ್ಷರ ತಪ್ಪಿಲ್ಲ! ಪುಸ್ತಕ ಬಿಡು, ನಿದ್ದೆಯಾಗ ಎಬ್ಬಿಸಿ ಕೇಳಿದ್ರೂ, ಮೊದಲಿಂದಲೂ ನಂಗೆ ಇದು ಬಾಯಿಪಾಠ...

ಯಾಕ? ಸೂಜಿ ಯಾಕ ನಿಲ್ಲಿಸಿದೆ?

ಪುಸ್ತಕನಾ... ಚೀಲದಾಗ ಐತೆ. ತೆಗೆದಿಲ್ಲ.

ಬಲ್ಬು ಸುಟ್ಟಿತ್ತು ಕಣೆ ನೇತ್ರಾ, ದೇವರಾಣೆ ಸುಟ್ಟಿ...

ಬೈಯಿ. ಏನಾದ್ರೂ ಅನ್ನು. ಹಿಂಗ ನೋಡಿಕೊಂತ ಕೂಡಬ್ಯಾಡ. ಅವತ್ತೂ ನೀ ಹಿಂಗೇ ನೋಡಿದ್ದೆ. ನಿನ್ನ ಕಣ್ಣು ಕಂಡಿದ್ವು ನಂಗೆ. ಮಾತು ನಾಲಿಗೆ ತುದೀಲಿತ್ತು. ಒಂದೇ ಒಂದು ಗಳಿಗೆ ನಿಲ್ಲಲಿ ಇವಳು, ನನ್ನ ಬಿಟ್ರೆ ಇವಳಿಗೆ ಯಾರದಾರೆ ನೋಡೋಣ ಅಂತ... ಒಂದೇ ಗಳಿಗೆ ಅಂದ್ಕೊಂಡೆ.

ನೇತ್ರಾ. ಮಾತು ಕೊಡೆ. ಇದರ ಮುಂದಿಂದು ನಂಗೆ... ಮುಂದಿಂದು ಬರವಲ್ದು.