ಮಡಿಲಲ್ಲಿದ್ದ ಬುಟ್ಟಿ

...ಸುಣ್ಣ ಕಣೇ, ಸುಣ್ಣ! ಸುಣ್ಣ ಕಲಸಿ ಬಾಯಿಗಿಟ್ಟ ಹಾಗಿತ್ತು ಆ ಮೇಕೆ ಚೀಸು. ಥೂ! ಅದರ ಮೇಲೆ ಬೂದಿ ಬೇರೆ ಬಳಿದಿದ್ದಾರೆ. ಬೂದಿ, ಇಶ್ಬೆಲ್! ನಲವತ್ತೊಂದು ವರ್ಷದಿಂದ ಮೀನಿಗೆ ಹೊಗೆ ಹಾಕೋ ಹೊಗೆಮನೆ ಒಲೆಯಿಂದ ಬೂದಿ ಗೋರಿ ಗೋರಿ ಆಚೆ ಎಸೀತಾ ಇದ್ದೀನಿ ನಾನು. ಇವರು ಅದನ್ನೇ ಚೀಸಿಗೆ ಹಚ್ಚಿ, ಕಲ್ಲಿನ ತಟ್ಟೇಲಿ ಇಟ್ಟು, ಹೆಸರಿನ ಚೀಟಿ ಸಿಕ್ಕಿಸಿ ಕೊಡ್ತಾರೆ. ಮೂಗಿಗಿಂತ ಮೂಗುತಿ ಭಾರ! ನಗಬೇಡ ನೀನು. ಯಾಕೆ ನಗ್ತೀಯ?... ನಗ್ತಾ ಇಲ್ವಾ? ಕರ್ಚೀಫನ್ನ ಬಾಯಿಗೆ ಅಡ್ಡ ಹಿಡ್ಕೊಂಡಿದ್ದೀಯಲ್ಲ, ನಗ್ತಾ ಇದ್ದೀಯೇನೋ ಅಂದ್ಕೊಂಡೆ.

ಬಾ, ಕೂತ್ಕೋ. ಅಷ್ಟು ದೂರ ಯಾಕೆ? ಮೂವತ್ತಾರು ವರ್ಷ ಒಂದೇ ಮಂಚದಲ್ಲಿ ಮಲಗಿದವಳು, ಇವತ್ತು ಬೆಂಚಿನ ಆ ತುದೀಲಿ ಕೂತಿದ್ದಾಳೆ, ಯಾರೋ ಪರದೇಶಿ ಪಕ್ಕದಲ್ಲಿ ಕೂತ ಹಾಗೆ. ಸರಿ ಬಿಡು. ಅಲ್ಲೇ ಇರು. ಹೊಳೆ ನೋಡು. ಹೊಳೆ ನೋಡೋಕೆ ತಾನೇ ಬಂದಿರೋದು!

ಮೂರೂವರೆ ಆಯ್ತು. ಬೆಳಗ್ಗೆ ಒಂಬತ್ತಕ್ಕೆ ಹೊರಟಿದ್ದು. ಈ ಕಣಿವೆ ಮುಗಿಸೋಕೆ ಮುಕ್ಕಾಲು ಗಂಟೆ ಸಾಕು, ನೀನು ಆರೂವರೆ ಗಂಟೆ ಮಾಡಿದ್ದೀಯ. ‘ನಿಧಾನವಾಗಿ ಹೋಗೋಣ ಸ್ಯಾಂಡಿ, ನಿಧಾನವಾಗಿ ತಿನ್ನೋಣ ಸ್ಯಾಂಡಿ.’ ಒಂದು ಕುರಿ ಕಂಡ್ರೆ ಕಾರ್ ನಿಲ್ಲಿಸ್ತೀಯ, ಒಂದು ಕಲ್ಲು ಕಂಡ್ರೆ ಕಾರ್ ನಿಲ್ಲಿಸ್ತೀಯ. ಅದರ ಮೇಲೆ ಕಿಟಕಿ! ಮೇ ತಿಂಗಳು ಅಂತ ಹೆಸರಿಗೆ, ಬೆಟ್ಟದ ತುದೀಲಿ ಇನ್ನೂ ಹಿಮ ಇದೆ, ನಾಲ್ಕೂ ಕಿಟಕಿ ಇಳಿಸಿ ಓಡಿಸಿದ್ಯಲ್ಲ! ನನ್ನ ಕಿವಿ ಇನ್ನೂ ಮರಗಟ್ಟಿದೆ. ಮುಚ್ಚೇ ಅಂದ್ರೆ ‘ಗಾಳಿ ಬರ್ಲಿ’ ಅಂತೀಯ. ಇಷ್ಟು ವರ್ಷ ಸಮುದ್ರದ ಗಾಳಿ ತಿಂದಿದ್ದು ಸಾಲದೇನು?

ನನಗೆ ಗೊತ್ತು ಕಣೇ ಇದೆಲ್ಲ ಯಾತಕ್ಕೆ ಅಂತ. ನಾನೇನು ನಿನ್ನೆ ಹುಟ್ಟಿದವನಾ? ನಿನ್ನ ತಮ್ಮ. ವಾಟಿ. ಸೋಮವಾರ ಬೆಳಗ್ಗೆ ಎಂಟಕ್ಕೆ ನಮ್ಮ ಯಜಮಾನಿ ಲಮ್ಸ್‌ಡೆನ್ ಅಮ್ಮ ಅವನನ್ನ ಕರೆದು, ಕೆಲಸದಿಂದ ತೆಗೆದು ಹೊಗೆಮನೆ ಬಾಗಿಲು ತೋರಿಸ್ತಾಳೆ. ನಾನು ಒಂದು ಮಾತು ಹೇಳಿದ್ರೆ ಅವನು ಉಳೀತಾನೆ. ಅದಕ್ಕೆ ಈ ಚೀಸು, ಈ ಹೊಳೆ, ಈ ಬುಟ್ಟಿ. ಮುದುಕನ ಹೊಟ್ಟೆ ತುಂಬಿಸು, ಮನಸ್ಸು ಕರಗಿಸು. ಕರಗಲ್ಲ! ಮೊದಲೇ ಹೇಳಿದೀನಿ, ಕರಗಲ್ಲ.

ಈ ಬುಟ್ಟಿ ಒಂದು! ಬೆಳಗ್ಗೆಯಿಂದ ತೊಡೆ ಮೇಲೆ ಹೇರಿ ಕೂರಿಸಿದ್ದೀಯ. ‘ನಾನು ಹೇಳೋವರೆಗೂ ತೆಗೀಬೇಡ, ಕೈ ಬಿಡಬೇಡ.’ ಬಾಣಂತಿ ಮಗು ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀನಿ. ಒಳಗೇನಿದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಶುಂಠಿ ಕೇಕು. ನಿನ್ನ ಶುಂಠಿ ಕೇಕು! ಮನೆ ಬಾಗಿಲು ದಾಟೋ ಮುಂಚೇನೇ ಘಮ್ ಅಂತ ಹೊಡೀತು ಮೂಗಿಗೆ. ಬಂದರಲ್ಲಿ ನನ್ನನ್ನ ಸುಮ್ಮನೆ ‘ಮೂಗು’ ಅಂತ ಕರೀತಾರಾ?... ಏನು? ಯಾಕೆ ಹಾಗೆ ನೋಡ್ತೀಯ? ಶುಂಠಿ ಕೇಕು ಅಲ್ವಾ? ಹೇಳ್ಬೇಡ, ಹೇಳ್ಬೇಡ. ಗೊತ್ತಿಲ್ಲದವನ ಹಾಗೆ ಇರ್ತೀನಿ.

ಹಚ್! ಹೋಗೋ! ಯಾರದ್ದು ಈ ನಾಯಿ? ಬುಟ್ಟಿಗೇ ಬಾಯಿ ಹಾಕ್ತಾ ಇದೆ. ಹೋಗು ಅಂದ್ರೆ... ನೋಡು, ಜೊಲ್ಲು ಸುರಿಸ್ತಾ ಇದೆ ನನ್ನ ಪ್ಯಾಂಟಿನ ಮೇಲೆ. ಛೀ, ಹೊಲಸು! ಚೀಸಿನ ಅಂಗಡಿ ಹತ್ರಾನೂ ಎರಡು ನಾಯಿ ಹಿಂದೆ ಬಿದ್ದಿದ್ವು. ಈ ಕಣಿವೆಯವರು ನಾಯಿಗೆ ಕೂಳು ಹಾಕಲ್ಲ, ಆದ್ರೆ ಮೇಕೆ ಚೀಸಿಗೆ ಬೂದಿ ಹಚ್ಚೋಕೆ ಪುರುಸೊತ್ತು ಇದೆ.

ಆ ಅಂಗಡಿ ಹುಡುಗೀನ ನೋಡಿದ್ಯಾ? ನಾವು ಒಳಗೆ ಕಾಲಿಟ್ಟಿದ್ದೇ ತಡ, ಎರಡು ಹೆಜ್ಜೆ ಹಿಂದೆ ಹೋದಳು. ಆಮೇಲೆ ಬಾಗಿಲು ಪೂರ್ತಿ ತೆಗೆದು, ಅದಕ್ಕೊಂದು ಕಲ್ಲು ಒತ್ತು ಕೊಟ್ಟಳು. ನನ್ನ ಬೂಟು ನೋಡಿದಳು, ನಿನ್ನ ಮುಖ ನೋಡಿದಳು. ಮೂಗು ಮುರಿದಳು ಕಣೇ! ಎಡಿನ್‌ಬರೋ ಹುಡುಗಿ ಇರಬೇಕು. ಮೀನಿನ ಕೆಲಸದವರು ಅಂದ್ರೆ ಇವರಿಗೆಲ್ಲ ಅಷ್ಟು ಅಸಹ್ಯ. ಅದೇ ಮೀನು ತಟ್ಟೆಗೆ ಬಂದ್ರೆ ಬೆರಳು ನೆಕ್ತಾರೆ! ನೀನು ಅವಳ ಕಿವೀಲಿ ಏನೋ ಪಿಸುಗುಟ್ಟಿದೆ, ಪಾಪ ಅಂತ ನನ್ನ ಕಡೆ ನೋಡಿದಳು. ಏನು ಹೇಳಿದೆ? ನನ್ನ ತಲೆ ಸರಿ ಇಲ್ಲ ಅಂದ್ಯಾ? ಹೇಳಿರ್ತೀಯ.

ಆ ಊಟದ ಮನೆಯವನೂ ಅಷ್ಟೇ. ಒಳಗೆ ಆರು ಮೇಜು ಖಾಲಿ. ‘ಹೊರಗೆ ಬಿಸಿಲಿದೆ ಸಾರ್, ಹೊರಗೆ ಕೂತ್ಕೊಳ್ಳಿ.’ ಎಲ್ಲಿತ್ತು ಬಿಸಿಲು? ಹಂದಿ ದೊಡ್ಡಿ ಪಕ್ಕದಲ್ಲಿ ಕೂರಿಸಿ, ತುರಿಚೆ ಸೊಪ್ಪಿನ ಸಾರು ಕೊಟ್ಟ. ಮೈಗೆ ತಾಗಿದ್ರೆ ಬೊಬ್ಬೆ ಬರೋ ಸೊಪ್ಪು! ನಮ್ಮಪ್ಪ ಅದರಿಂದ ನಮಗೆ ಕಾಲಿಗೆ ಬಾರಿಸ್ತಾ ಇದ್ದ. ಬಿಸಿ ನೀರು, ಹಸಿರು ಬಣ್ಣ, ಅಷ್ಟೇ. ರುಚಿ ಇಲ್ಲ, ಏನೂ ಇಲ್ಲ. ಜಿಂಕೆ ಮಾಂಸದ ಕಡುಬು? ಒದ್ದೆ ರಟ್ಟು. ಆ ಹುಳಿ ಬ್ರೆಡ್ಡು? ಅದೂ ರಟ್ಟು, ಒಣ ರಟ್ಟು. ಈಗಿನವರಿಗೆ ಅಡುಗೆ ಮಾಡೋಕೇ ಬರಲ್ಲ, ಇಶ್ಬೆಲ್. ಎಲ್ಲಾ ಸಪ್ಪೆ. ಈ ವರ್ಷ ಎಲ್ಲಿ ತಿಂದ್ರೂ ಸಪ್ಪೆ.

ನೀನು ಮಾತ್ರ ತಟ್ಟೆ ಮುಟ್ಟಲಿಲ್ಲ. ಯಾಕೆ? ಮುಖ ಬಿಳಿಚಿಕೊಂಡಿತ್ತು.

ಆ ಕಾಡಲ್ಲೂ ಹಾಗೇ ನಿಂತ್ಕೊಂಡೆ. ಚೆನ್ನಾಗಿತ್ತು, ಒಪ್ಕೋತೀನಿ. ಮರದ ಬುಡದ ತುಂಬ ಬಿಳಿ ಹೂವು, ಗುಡ್ಡ ಪೂರ್ತಿ. ಆದ್ರೆ ಕಾಲು ಗಂಟೆ ನಿಂತ್ಕೊಂಡು ಏನು ನೋಡೋದು? ಒಂದು ಎಲೆ ಕಿತ್ತು ಹಿಸುಕಿ ನನ್ನ ಮುಖದ ಹತ್ರ ಹಿಡಿದು ‘ಏನನ್ಸುತ್ತೆ ಸ್ಯಾಂಡಿ?’ ಅಂದೆ. ನಾನೇನು ಹೇಳಲಿ? ‘ಹೂವು, ಚೆನ್ನಾಗಿದೆ’ ಅಂದೆ. ಅಷ್ಟಕ್ಕೇ ನಿನ್ನ ಕಣ್ಣಲ್ಲಿ ನೀರು ತುಂಬ್ತು. ಹೆಂಗಸರ ಲೆಕ್ಕ ನನಗೆ ಯಾವತ್ತೂ... ಏನು? ಕಾಡುಬೆಳ್ಳುಳ್ಳಿನಾ ಅದು? ಹೌದು, ಕಾಡುಬೆಳ್ಳುಳ್ಳಿನೇ, ನನಗೆ ಗೊತ್ತಿತ್ತು. ಬೆಳ್ಳುಳ್ಳಿ ಗೊತ್ತಾಗಲ್ವಾ ನನಗೆ? ಕಾಡಿಗೆ ಕಾಡೇ ನಾರ್ತಾ ಇತ್ತು! ಅದನ್ನ ಬೇರೆ ಬಾಯಿಬಿಟ್ಟು ಹೇಳ್ಬೇಕಾ?

ನೋಡು ನೋಡು, ಆ ಬೆಂಚಿನ ಹತ್ರದ ಗಂಡ ಹೆಂಡತಿ. ಈಗ ತಾನೇ ಚಾಪೆ ಹಾಸಿ, ಸ್ಟ್ರಾಬೆರಿ ತೆಗೆದಿಟ್ಟರು. ಗಾಳಿ ಈ ಕಡೆಯಿಂದ ಆ ಕಡೆಗೆ ತಿರುಗಿದ್ದೇ ತಡ, ಮಡಿಚಿಕೊಂಡು ಎದ್ದರು. ಅವರ ಮಗು ಅಳ್ತಾ ಇದೆ. ಹೋಗಲಿ, ಹೋಗಲಿ! ನಮ್ಮ ಪಕ್ಕ ಕೂತ್ರೆ ಮೈಲಿಗೆ ಆಗುತ್ತೇನೋ. ನನಗೆ ಈ ಜನರನ್ನ ಕಂಡ್ರೆ ವಾಕರಿಕೆ ಬರುತ್ತೆ, ನಿಜ ಹೇಳ್ತೀನಿ.

ಸರಿ, ವಾಟಿ ವಿಷಯ. ನೀನು ಆ ಮಾತೇ ಎತ್ತಲ್ಲ, ನಾನೇ ಹೇಳ್ತೀನಿ ಕೇಳು. ಹದಿನೈದು ದಿನದ ಹಿಂದೆ ಚರ್ಚಿನಲ್ಲಿ ಮುದುಕರಿಗೆ ಊಟ. ನಮ್ಮ ಹೊಗೆಮನೆಯಿಂದ ಅರವತ್ತು ಜೋಡಿ ಹ್ಯಾಡಕ್ ಮೀನು. ಹನ್ನೊಂದು ಜನ ಹಾಸಿಗೆ ಹಿಡಿದರು. ನೆಸ್ಸಿ ಅಜ್ಜಿ ಆಸ್ಪತ್ರೆಯಿಂದ ಇನ್ನೂ ಮನೆಗೆ ಬಂದಿಲ್ಲ. ಯಾರ ತಪ್ಪು? ಆ ಮೀನಿನ ಪೆಟ್ಟಿಗೇನ ಮೆಟ್ಟಿಲ ಮೇಲೆ ಬಿಸಿಲಲ್ಲಿ ಬಿಟ್ಟವನು ಯಾರು? ವಾಟಿ. ನಾನು ಬೆಳಗ್ಗೆ ಮೂಸಿ ನೋಡಿದಾಗ ಮೀನು ಚೆನ್ನಾಗಿತ್ತು. ಎಂದಿನ ಹಾಗೆ ಪೆಟ್ಟಿಗೆ ಮುಂದೆ ನಿಂತೆ, ಕಿವಿರು ಎತ್ತಿದೆ, ಮೂಸಿದೆ, ‘ಹೊಗೆಗೆ ನೇತು ಹಾಕಿ’ ಅಂದೆ. ನಾನು ನೇತು ಹಾಕಿ ಅಂದ ಮೇಲೆ ನಮ್ಮ ಹೊಗೆಮನೇಲಿ ಇನ್ನೊಬ್ಬ ಮೂಸಲ್ಲ. ನಮ್ಮಪ್ಪನ ಕಾಲದಿಂದ ಹಾಗೇ. ಒಂದು ಮೂಗು, ಒಂದು ಮಾತು.

ಆಮೇಲೆ ಅವನು ಜೋಡಿ ಕಟ್ಟಿದ, ಬಾಲಕ್ಕೆ ಬಾಲ. ಅವತ್ತು ಸೆಣಬಿನ ದಾರ ಮುಗಿದಿತ್ತು, ನೀಲಿ ದಾರದಲ್ಲಿ ಕಟ್ಟಿದ. ಅದರಲ್ಲೂ ಸೋಮಾರಿತನ! ಕಟ್ಟೋದು ಬರುತ್ತೆ ಅವನಿಗೆ, ಇಲ್ಲ ಅನ್ನಲ್ಲ. ಜೋಡಿ ಸಮ ಇರಬೇಕು, ಒಂದು ಭಾರ ಆದ್ರೆ ಇನ್ನೊಂದನ್ನೂ ಎಳ್ಕೊಂಡು ನೇತು ಹಾಕಿದ ಕೋಲಿಂದ ಕೆಳಗಿನ ಬೆಂಕಿಗೆ ಬೀಳುತ್ತೆ. ವಾಟಿ ಕಟ್ಟಿದ್ದು ಇವತ್ತಿನವರೆಗೆ ಒಂದೂ ಬಿದ್ದಿಲ್ಲ. ಆದ್ರೆ ಕೈ ಚುರುಕಾದ್ರೆ ಸಾಕಾ? ಎಚ್ಚರ ಬೇಡ್ವಾ?

ತಪ್ಪು ಮಾಡಿಲ್ಲ ಅಂದ್ರೆ ಲಮ್ಸ್‌ಡೆನ್ ಅಮ್ಮ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ? ಟೋಪಿ ಕೈಲಿ ಹಿಡ್ಕೊಂಡು ನೆಲ ನೋಡ್ತಾ ನಿಂತಿದ್ದ. ಮೌನಂ ಸಮ್ಮತಿ ಲಕ್ಷಣಂ! ಕಳ್ಳನಲ್ಲದವನು ಕೂಗಾಡ್ತಾನೆ. ನಾನಾಗಿದ್ರೆ ಸೂರು ಹಾರಿ ಹೋಗೋ ಹಾಗೆ ಕೂಗ್ತಿದ್ದೆ. ಅವನು ಅವತ್ತು ಪೆಟ್ಟಿಗೆ ಹಿಡ್ಕೊಂಡು ‘ಭಾವ, ಇನ್ನೊಂದು ಸಲ ಮೂಸಿ ನೋಡು’ ಅಂತ ಅಂದಾಗ ಇದ್ದ ಬಾಯಿ ಅಮ್ಮನ ಮುಂದೆ ಎಲ್ಲಿ...

ಯಾವಾಗ ಅಂತೀಯಾ?

ಯಾವಾಗ ಅಂದ್ರೆ... ಯಾವತ್ತೋ. ಬೇರೆ ದಿನ. ಚಳಿಗಾಲದಲ್ಲಿ. ಹಾಗೆ ನೋಡ್ಬೇಡ ನನ್ನ! ದಿನಾ ನೂರು ಪೆಟ್ಟಿಗೆ ಬರುತ್ತೆ, ದಿನಾ ಏನೋ ಹೇಳ್ತಾ ಇರ್ತಾನೆ. ‘ಯಾರಪ್ಪಾ ಇಲ್ಲಿ ಮೂಗು, ನೀನೋ ನಾನೋ?’ ಅಂದೆ. ಎಲ್ಲರೂ ನಕ್ಕರು. ಅಷ್ಟೇ ಆಗಿದ್ದು. ನೇತು ಹಾಕಿದ. ಒಂದು ಸಲ ಹೊಗೆ ಹತ್ತಿದ್ರೆ ಯಾರಿಗೆ ಏನು ಗೊತ್ತಾಗುತ್ತೆ? ಹೊಗೆ ಎಲ್ಲಾನೂ ಮುಚ್ಚುತ್ತೆ.

ಏನಾದ್ರೂ ಮಾತಾಡೇ. ಜಗಳ ಆಡು. ತಮ್ಮನ ಪರ ಮಾತಾಡು. ನಾನು ಉತ್ತರ ಎಲ್ಲಾ ಜೋಡಿಸಿ ಇಟ್ಕೊಂಡಿದ್ದೀನಿ... ಏನು? ಬುಟ್ಟೀನಾ? ಈಗ ತೆಗೀಲಾ? ಅಂತೂ ಅಪ್ಪಣೆ ಆಯ್ತು! ಇರು, ಈ ನೊಣ... ಎಷ್ಟು ನೊಣ ಮಾರಾಯ್ತಿ. ಚಹಾ ಬಗ್ಗಿಸು, ಕೇಕು ನಾನೇ ಕತ್ತರಿಸ್ತೀನಿ. ಎಷ್ಟು ಬಟ್ಟೆ ಸುತ್ತಿದ್ದೀಯ! ಒಂದು... ಎರಡು... ಇದೇನು ಒದ್ದೆ? ಪಾಕ ಸೋರಿತಾ? ಕೈಗೆಲ್ಲ ಅಂಟ್ತಾ ಇದೆ...

ಇದು ಕೇಕಲ್ಲ.

ಛೀ! ಛೀ ಛೀ ಛೀ! ಇದೇನೇ ಇದು! ಹುಳ... ಹುಳ ಹರೀತಾ ಇದೆ ಇಶ್ಬೆಲ್! ಹಸಿರು ಲೋಳೆ... ನನ್ನ ಕೈ... ಯಾರಾದ್ರೂ ಇಂಥಾದ್ದನ್ನ ಊಟದ ಬುಟ್ಟೀಲಿ... ನಿನಗೆ ತಲೆಗಿಲೆ...

ನೀಲಿ ದಾರ.

ಎಲ್ಲಿ ಸಿಕ್ತು ಇದು? ವಾಟಿ ಕೊಟ್ಟನಾ? ಒಂದು ಜೋಡಿ ಎತ್ತಿ ಇಟ್ಟಿದ್ದನಾ ಅವನು? ಇಟ್ಕೊಂಡೂ ಲಮ್ಸ್‌ಡೆನ್ ಅಮ್ಮನಿಗೆ ತೋರಿಸಲಿಲ್ವಾ?... ಎಷ್ಟು ದಿನ ಆಯ್ತು ಇದಕ್ಕೆ... ಹದಿನೈದು ದಿನ. ಹದಿನೈದು ದಿನದ ಕೊಳೆತ ಮೀನು. ಬೆಳಗ್ಗೆ ಒಂಬತ್ತರಿಂದ... ನನ್ನ ತೊಡೆ ಮೇಲೆ. ನನ್ನ ಮೂಗಿನ ಕೆಳಗೆ.

ಅದಕ್ಕೇ ಕಿಟಕಿ. ಅದಕ್ಕೇ ಆ ಹುಡುಗಿ ಬಾಗಿಲು ತೆಗೆದಿದ್ದು. ಆ ನಾಯಿ, ಆ ಮಗು... ನೀನು ಕೂಡ. ನೀನು ಆರೂವರೆ ಗಂಟೆ ಇದರ ಪಕ್ಕ ಕೂತು ಕಾರ್ ಓಡಿಸಿದ್ಯಾ? ವಾಂತಿ ತಡ್ಕೊಂಡು? ನಾನು ನಿಜ ಈಗ ಹೇಳ್ತೀನಿ, ಇನ್ನೊಂದು ಗಳಿಗೇಲಿ ಹೇಳ್ತೀನಿ ಅಂತ ಕಾಯ್ತಾ ಕೂತಿದ್ಯಾ?

ನಾನು ಶುಂಠಿ ಕೇಕು ಅಂದೆ. ಘಮ್ ಅಂತ ಹೊಡೀತು ಅಂದೆ.

ಬಯ್ಯೇ. ಕಪಾಳಕ್ಕೆ ಹೊಡಿ. ಹಾಗೆ ಸುಮ್ಮನೆ ಮಾತ್ರ ನೋಡ್ಬೇಡ... ಸರಿ. ಸರಿ, ಹೇಳ್ತೀನಿ. ಜನವರಿ ಜ್ವರದಲ್ಲಿ ಮೂಗು ಹೋಯ್ತು. ಮೊದಲು ಚಹಾ ವಾಸನೆ, ಆಮೇಲೆ ಹೊಗೆ ವಾಸನೆ. ಒಲೆ ಮುಂದೆ ನಿಂತಿದ್ದೀನಿ, ಕಣ್ಣು ಉರೀತಾ ಇದೆ, ಮೂಗಿಗೆ ಏನೂ ಇಲ್ಲ. ನಾಳೆ ಬರುತ್ತೆ ಅಂದ್ಕೊಂಡೆ. ಬಣ್ಣ ನೋಡಿ, ಬೆರಳಲ್ಲಿ ಒತ್ತಿ ನೋಡಿ ನೇತು ಹಾಕಿ ಅಂತಿದ್ದೆ. ನಾಲ್ಕು ತಿಂಗಳು ಕಣೇ! ಯಾರಿಗೆ ಹೇಳಲಿ? ಬಂದರಲ್ಲಿ ನನ್ನ ಹೆಸರೇ ಮೂಗು, ಅದು ಹೋದ್ರೆ ನಾನು ಯಾರು? ರಾತ್ರಿ ನಿನ್ನ ಕತ್ತಲ್ಲಿ ಮುಖ ಇಟ್ರೂ ಏನೂ ಇಲ್ಲ, ಗೋಡೆಗೆ ಮುಖ ಕೊಟ್ಟ ಹಾಗೆ. ಭಯ ಆಯ್ತು ನನಗೆ. ಅದಕ್ಕೇ ಆ ಕಡೆ ತಿರುಗಿ ಮಲಗ್ತಾ ಇದ್ದೆ. ನೀನು ಏನಂದ್ಕೊಂಡ್ಯೋ ಏನೋ.

ಪೆಟ್ಟಿಗೆ ಮೆಟ್ಟಿಲ ಮೇಲೆ ಇರಲಿಲ್ಲ. ವಾಟಿ ಅದನ್ನ ಬಿಸಿಲಲ್ಲಿ ಬಿಟ್ಟೇ ಇಲ್ಲ. ಕೆಟ್ಟಿದೆ ಭಾವ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ. ಅವನಿಗೆ ಗೊತ್ತಿತ್ತು, ಅಲ್ವಾ? ನನ್ನ ಮೂಗು ಸತ್ತಿದೆ ಅಂತ ಗೊತ್ತಿತ್ತು ಅವನಿಗೆ. ಅದಕ್ಕೇ ಟೋಪಿ ಹಿಡ್ಕೊಂಡು ನೆಲ ನೋಡ್ತಾ ನಿಂತ. ನನ್ನ ಮಾನ ಕಾಯೋಕೆ. ನಾನು ಅವನನ್ನ ಎಳ್ಕೊಂಡು ಬೆಂಕಿಗೆ ಬಿದ್ದೆ... ಇಲ್ಲ, ಬೀಳಲೂ ಇಲ್ಲ. ಅವನನ್ನ ಮಾತ್ರ ಬೀಳಿಸಿದೆ. ಥೂ ನನ್ನ ಜನ್ಮಕ್ಕೆ!

ಏಳು. ಕಾರ್ ತೆಗಿ. ಮನೆಗಲ್ಲ, ಲಮ್ಸ್‌ಡೆನ್ ಅಮ್ಮನ ಮನೆಗೆ. ಸೋಮವಾರದವರೆಗೂ ಕಾದ್ರೆ ನನ್ನ ನಾಲಿಗೆ ಮತ್ತೆ ಹೊರಳುತ್ತೆ, ನನ್ನ ಬುದ್ಧಿ ನನಗೆ ಗೊತ್ತು. ಇಲ್ಲ, ಹೊಳೆಗೆ ಎಸೀಬೇಡ ಅದನ್ನ. ಕೊಡು ಇಲ್ಲಿ, ನಾನೇ ಹಿಡ್ಕೋತೀನಿ.

ಕಿಟಕಿ ತೆಗೆದೇ ಇರ್ಲಿ.